ನಾಲ್ಕು ದಿನ ಸಿಡಿದ ಹಲ್ಲುನೋವು ತಾನೇ ನಿಂತಿದೆ, ಇನ್ನೂ ತೋರಿಸಬೇಕಾ?

ಶಿರಸಿಯಿಂದ:
ಅಪ್ಪನಿಗೆ 58 ವರ್ಷ, ದಿನಕ್ಕೆ ಏಳೆಂಟು ಕವಳ (ಎಲೆ-ಅಡಿಕೆ) ಹಾಕುತ್ತಾರೆ. ಎಡಗಡೆ ಕೆಳಗಿನ ದವಡೆಹಲ್ಲು ಹುಳುಕಾಗಿ ತೂತು ಬಿದ್ದಿದೆ. ಮೊದಲು ತಣ್ಣೀರಿಗೆ ಜುಮ್ ಎನ್ನುತ್ತಿತ್ತು. ಆಮೇಲೆ ನಾಲ್ಕು ರಾತ್ರಿ ಮಲಗಿದ ಕೂಡಲೇ ಸಿಡಿತ. ನಿನ್ನೆಯಿಂದ ನೋವಿಲ್ಲ, ಕಚ್ಚಿದರೆ ಮಾತ್ರ ನೋಯುತ್ತದೆ. ಮನೆಯಲ್ಲಿರುವ ಆಂಟಿಬಯಾಟಿಕ್ ಮಾತ್ರೆ ಅಮಾಕ್ಸಿಸಿಲಿನ್ ಐದು ದಿನ ಕೊಟ್ಟರೆ ಸಾಕಾ?

ಕುಮಟಾದಿಂದ:
ಸಾಕಾಗುವುದಿಲ್ಲ. ಹಲ್ಲಿನೊಳಗಿನ ನರ ಸತ್ತಿದೆ ಎಂದೇ ಹಿಡಿಯಬೇಕು. ಹಲ್ಲಿನ ಹೊರಪದರ ಎನಾಮಲ್‌ಗೆ ನರವಿಲ್ಲ, ಹುಳುಕು ಅದನ್ನು ದಾಟಿ ಒಳಪದರ ಡೆಂಟಿನ್‌ಗೆ ಇಳಿದಾಗ ಜುಮ್ ಎನ್ನುವುದು. ಆ ಜುಮ್ಮು ಕೆಲವೇ ಸೆಕೆಂಡಿನಲ್ಲಿ ಹೋಗುತ್ತಿದ್ದ ಕಾಲಕ್ಕೆ ಸಿಮೆಂಟ್ ತುಂಬಿಸಿದ್ದರೆ ಮುಗಿಯುತ್ತಿತ್ತು. ಹುಳುಕು ನರದ ತನಕ ಹೋದರೆ ಒಳಗೆ ಬಾವು ಬರುತ್ತದೆ. ಸುತ್ತಲೂ ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರಿ ಸಿಡಿತ ಜಾಸ್ತಿ. ನರ ಸತ್ತ ಮೇಲೆ ನೋವು ನಿಲ್ಲುತ್ತದೆ, ಸೋಂಕು ಮಾತ್ರ ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತದೆ. ಕಚ್ಚಿದರೆ ನೋಯುವುದು ಅದಕ್ಕೇ.

ಅಮಾಕ್ಸಿಸಿಲಿನ್ ರಕ್ತದ ಮೂಲಕ ಹೋಗುವ ಔಷಧ. ಸತ್ತ ನರಕ್ಕೆ ರಕ್ತವೇ ಹರಿಯದ ಮೇಲೆ ಅದು ತಲುಪುವುದು ಹೇಗೆ? ರೂಟ್ ಕೆನಾಲ್ (ಸತ್ತ ನರ ತೆಗೆದು ಬೇರಿನೊಳಗಿನ ನಾಳ ತುಂಬಿಸುವುದು) ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಇನ್ನೊಂದು ಮಾತು: ಎಕ್ಸ್‌ರೇಯಲ್ಲಿ ಬೇರಿನ ತುದಿ ಕಪ್ಪಾಗಿ ಕಾಣಲು ಸಮಯ ಹಿಡಿಯುತ್ತದೆ. ಈಗ ಕಾಣದಿದ್ದರೆ ಸೋಂಕಿಲ್ಲ ಎಂದಲ್ಲ.

ಶಿರಸಿಯಿಂದ:
ಈ ವಾರವೇ ಕರೆದೊಯ್ಯುತ್ತೇವೆ. ಅಲ್ಲಿಯ ತನಕ ನೋವು ತಿರುಗಿ ಬಂದರೆ? ಅಪ್ಪ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ.

ಕಾರವಾರದಿಂದ:
ಹಾಗಿದ್ದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ, ರಕ್ತಸ್ರಾವದ ಅಪಾಯ. ಪ್ಯಾರಾಸಿಟಮಾಲ್ 650 ಮಿ.ಗ್ರಾಂ., ಆರು ತಾಸಿಗೊಂದು, ದಿನಕ್ಕೆ ನಾಲ್ಕು ದಾಟಬಾರದು. ಲಿವರ್ ತೊಂದರೆ ಇದ್ದರೆ, ಎರಡು ದಿನ ಮೀರಿ ಬೇಕಾದರೆ ಡಾಕ್ಟರನ್ನು ಕೇಳಿಯೇ ಕೊಡಿ. ಲವಂಗದೆಣ್ಣೆ ಒಂದೇ ಹನಿ, ಹತ್ತಿಗೆ ಹಾಕಿ ತೂತಿನೊಳಗೆ ಇಡಿ. ಒಸಡಿಗೆ ತಾಗಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಡುವವರಿದ್ದಾರೆ, ಆ ಜಾಗ ಬೆಳ್ಳಗೆ ಬೆಂದು ಹುಣ್ಣಾಗುತ್ತದೆ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಚೀಟಿ ಒಯ್ದು ತೋರಿಸಿ.

ದವಡೆಯ ಕೆಳಗೆ ಬಾವು, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ ಕಂಡರೆ ವಾರ ಕಾಯಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ. ಬಾವು ಗಂಟಲಿಗೆ ಇಳಿದರೆ ಉಸಿರೇ ಕಟ್ಟುತ್ತದೆ.

ಸಿದ್ದಾಪುರದಿಂದ:
ಕವಳ ಹಾಕುವವರಲ್ಲವಾ, ಮೊದಲು ಬಾಯಿ ತೆರೆಸಿ ನೋಡಿ. ಅವರದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಿಡಿಸಬೇಕು. ಎರಡೂ ಹಿಡಿಸದಿದ್ದರೆ ಅಡಿಕೆಯಿಂದ ಕೆನ್ನೆಯ ಒಳಗೆ ನಾರುಗಟ್ಟಿರಬಹುದು. ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು, ಅದನ್ನೂ ಪರೀಕ್ಷೆ ಮಾಡಿಸಿ. ಬಾಯಿ ಅಷ್ಟು ಕಿರಿದಾಗಿದ್ದರೆ ಹಿಂದಿನ ಹಲ್ಲಿನ ಕೆಲಸವೂ ಕಷ್ಟ. ಕೆಳಗಿನ ದವಡೆಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ, ಕೆಲವರಿಗೆ ನಾಲ್ಕು. ಒಂದು ನಾಳ ಬಿಟ್ಟುಹೋದರೂ ಸೋಂಕು ಮರಳಬಹುದು.

ರೂಟ್ ಕೆನಾಲ್ ಆಯಿತು, ನೋವಿಲ್ಲ ಎಂದು ಕ್ಯಾಪ್ ಮುಂದೂಡಬೇಡಿ. ಕ್ಯಾಪ್ ಇಲ್ಲದ ಹಲ್ಲಿನಲ್ಲಿ ಒಣಗಿದ ಗಟ್ಟಿ ಚಾಲಿ ಅಡಿಕೆ ಕಚ್ಚಿದರೆ ನಡುವೆ ಸೀಳಬಹುದು. ಸೀಳು ಬೇರಿನ ತನಕ ಹೋದರೆ ಆ ಹಲ್ಲನ್ನು ಕೀಳಲೇಬೇಕು.