ಹಸಿಕಸದ ಗೊಬ್ಬರ ಅಂದ್ರೆ ರೈತರು ಮೂಗು ಮುರೀತಾರೆ, ಏನು ಮಾಡೋದು?

ತಿಪ್ಪೆಗುಂಡಿ_ಹಾಸನ (ಪ್ರಶ್ನೆ):
ಹಾಸನದ ಹೋಟೆಲು, ಕಲ್ಯಾಣ ಮಂಟಪ, ತರಕಾರಿ ಮಾರ್ಕೆಟ್ಟಿನ ಹಸಿಕಸದಿಂದ ಕಾಂಪೋಸ್ಟ್ ಮಾಡ್ತೀವಿ. ನೋಡೋಕೆ ಕಪ್ಪಗೆ, ಪುಡಿಪುಡಿಯಾಗಿದೆ. ಆದ್ರೂ ಆಲೂರು, ಸಕಲೇಶಪುರದ ಕಡೆಯವರು "ಪೇಟೆ ಕಸ ತೋಟಕ್ಕೆ ಬೇಡ" ಅಂತಾರೆ. ಕೊಟ್ಟಿಗೆ ಗೊಬ್ಬರಕ್ಕಾದ್ರೆ ಮುಂಗಡ ಕೊಟ್ಟು ಕಾಯ್ತಾರೆ. ಸ್ವಲ್ಪ ದಿನ ಪುಕ್ಕಟೆ ಹಂಚಿದ್ರೆ ನಂಬಿಕೆ ಬರುತ್ತಾ?

ನಾಲ್ಕು_ಎಂಎಂ_ಜರಡಿ:
ಪುಕ್ಕಟೆ ಬೇಡವೇ ಬೇಡ. "ಕಸ ಸಾಗಹಾಕೋಕೆ ಬಂದಿದ್ದಾರೆ" ಅನ್ನೋ ಅನುಮಾನ ಇನ್ನೂ ಗಟ್ಟಿಯಾಗುತ್ತೆ.

ಮೊದಲು ಗಾಜು, ಪ್ಲಾಸ್ಟಿಕ್ ನೋಡಿ. ಶುಂಠಿ, ಆಲೂಗಡ್ಡೆ ಆರಿಸೋರು ಮಣ್ಣಿಗೆ ಬರಿಗೈ ಹಾಕ್ತಾರೆ. ಒಂದು ಬೆರಳು ಕುಯ್ದರೆ ಆ ಊರಲ್ಲಿ ನಿಮ್ಮ ವ್ಯಾಪಾರ ಮುಗೀತು. ಮೊದಲು ಕಸದಿಂದ ಇವನ್ನ ಹೆಕ್ಕಿ ತೆಗೆದು ಆಮೇಲೆ ಶ್ರೆಡ್ಡರ್‌ಗೆ (ಕಸ ಕತ್ತರಿಸೋ ಯಂತ್ರ) ಹಾಕಿ. ಉಲ್ಟಾ ಮಾಡಿದ್ರೆ ಕವರ್ ಚೂರುಚೂರಾಗಿ ಯಾವ ಜರಡಿಗೂ ಸಿಗಲ್ಲ. ರಸಗೊಬ್ಬರ ನಿಯಂತ್ರಣ ಆದೇಶ (1985) ಸಿಟಿ ಕಾಂಪೋಸ್ಟಿಗೆ (ಪೇಟೆ ಕಸದ ಗೊಬ್ಬರ) ಕೇಳೋದು: ಕನಿಷ್ಠ 90% ಪುಡಿ 4 ಮಿ.ಮೀ. ಜರಡಿಯಲ್ಲಿ ಇಳೀಬೇಕು, ತೇವ 15–25% ಇರ್ಬೇಕು. ಒದ್ದೆ ಗೊಬ್ಬರ ಜರಡಿ ಕಣ್ಣು ಮುಚ್ಚುತ್ತೆ, ನೆರಳಲ್ಲಿ ಹರಡಿ ಆರಿಸಿ ಆಮೇಲೆ ಜರಡಿ ಹಿಡೀರಿ.

ಮೆಂತ್ಯ_ಪರೀಕ್ಷೆ:
ಕಪ್ಪಗಿದ್ದ ಮಾತ್ರಕ್ಕೆ ಮಾಗಿದೆ ಅಂತಲ್ಲ. ಒಂದು ಹಿಡಿ ಒದ್ದೆ ಗೊಬ್ಬರ ಗಾಳಿಯಾಡದ ಕವರಲ್ಲಿ ಕಟ್ಟಿ 3 ದಿನ ಇಟ್ಟು ತೆಗೀರಿ. ಹುಳಿ ಅಥವಾ ಅಮೋನಿಯಾ ಘಾಟು ಬಂದ್ರೆ ಇನ್ನೂ ಹಸಿ. ಅದನ್ನ ಹಾಕಿದ್ರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತಿಂದು ಗಿಡ ಹಳದಿಯಾಗುತ್ತೆ; ಗೊಬ್ಬರದ ಇಂಗಾಲ-ಸಾರಜನಕ ಪ್ರಮಾಣ 20ರೊಳಗೆ, ಅಂದ್ರೆ ಇಂಗಾಲ ಸಾರಜನಕದ 20 ಪಟ್ಟಿಗಿಂತ ಕಮ್ಮಿ, ಇರ್ಬೇಕು ಅನ್ನೋದು ಅದಕ್ಕೇ. ಮಣ್ಣು-ಗೊಬ್ಬರ ಸಮಭಾಗದ ಕುಂಡದಲ್ಲಿ, ಬರೀ ಮಣ್ಣಿನ ಕುಂಡದಲ್ಲಿ ತಲಾ 20 ಮೆಂತ್ಯ ಬಿತ್ತಿ, ಮೊಳಕೆ ಪಕ್ಕಪಕ್ಕ ಇಟ್ಟು ತೋರಿಸಿ. ಲ್ಯಾಬ್ ಚೀಟಿಗಿಂತ ಇದನ್ನೇ ರೈತರು ನಂಬ್ತಾರೆ.

ಊಟದ ಎಲೆ ಜೊತೆ ಸಾರು, ಉಪ್ಪಿನಕಾಯಿ ಬರುತ್ತಲ್ಲ, ಅದರ ಉಪ್ಪು ಎಲ್ಲೂ ಹೋಗಲ್ಲ. ಉಪ್ಪು ಎಷ್ಟಿದೆ ಅಂತ ತೋರಿಸೋ ವಿದ್ಯುತ್ ವಾಹಕತೆ 4 ಡೆಸಿಸೀಮೆನ್ಸ್/ಮೀ. ದಾಟಿದ್ರೆ ಸಸಿಮಡಿಗೆ ಕೊಡ್ಬೇಡಿ. ತೆಂಗಿನ ಗರಿ, ಒಣ ಎಲೆ ಜಾಸ್ತಿ ಬೆರೆಸಿ.

ಅರೇಬಿಕಾ_ನರ್ಸರಿ:
ಶುಂಠಿಯವರ ಭಯ ಬೇರೆ: ಕೊಳೆರೋಗ. ಮಾರ್ಕೆಟ್ಟಿನ ಕೊಳೆತ ಶುಂಠಿ, ಆಲೂಗಡ್ಡೆ ನಿಮ್ಮ ರಾಶಿಗೂ ಬೀಳುತ್ತೆ. ರೋಗಾಣು ಸಾಯೋಕೆ ಸಾಲುರಾಶಿ (ಉದ್ದಕ್ಕೆ ಸಾಲಾಗಿ ಹಾಕಿದ ಗೊಬ್ಬರದ ರಾಶಿ) 55 ಡಿಗ್ರಿ ಸೆಲ್ಸಿಯಸ್ ಮೇಲೆ 15 ದಿನ ಇರ್ಬೇಕು, ಅಷ್ಟರಲ್ಲಿ ಕನಿಷ್ಠ 5 ಸಲ ಮಗುಚ್ಬೇಕು, ಅಂಚಿನದ್ದು ಒಳಗೆ ಬರೋ ಹಾಗೆ. ಅಷ್ಟಾದ್ರೂ ಶುಂಠಿಯವರನ್ನ ಮೊದಲ ಗಿರಾಕಿ ಮಾಡ್ಕೋಬೇಡಿ.

ಕಾಫಿ ನರ್ಸರಿ ಹಿಡೀರಿ. ಕಾಡುಮಣ್ಣು 6, ಕೊಟ್ಟಿಗೆ ಗೊಬ್ಬರ 2, ಮರಳು 1 ಭಾಗ ಅನ್ನೋ ಮಿಶ್ರಣ ಅವರಿಗೆ ಗೊತ್ತು. ಆ 2ರಲ್ಲಿ 1 ಭಾಗ ಮಾತ್ರ ನಿಮ್ಮದು, ಒಂದು ಸಾಲು ಸಸಿ ಬ್ಯಾಗಿಗೆ. ಪಕ್ಕದ ಸಾಲು ಮಾಮೂಲಿನಂತೆ ಇರ್ಲಿ, ಎರಡನ್ನೂ ಹೋಲಿಸಿ ಅವರೇ ನೋಡ್ಲಿ.

ತಿಪ್ಪೆಗುಂಡಿ_ಹಾಸನ:
ಚೀಲದ ಮೇಲೆ "ಕಸ" ಅನ್ನೋ ಪದ ಹಾಕದೇ ಬಿಡ್ಲಾ?

ನಾಲ್ಕು_ಎಂಎಂ_ಜರಡಿ:
ಮುಚ್ಚಿಡಬೇಡಿ, ಗೊತ್ತಾದ ದಿನ ಇನ್ನೂ ಕಷ್ಟ. "ತರಕಾರಿ, ಬಾಳೆ ಎಲೆ, ಹೋಟೆಲ್ ಉಳಿಕೆ" ಅಂತ ಬಿಡಿಸಿ ಬರೀರಿ. ಬ್ಯಾಚ್ ನಂಬರ್, ತೇವಾಂಶವೂ ಇರ್ಲಿ. ನೀರಿಗೆ ದುಡ್ಡು ಕೊಟ್ವಿ ಅನ್ನೋ ಜಗಳ ತಪ್ಪುತ್ತೆ.