64 ಜಿಬಿ ಲ್ಯಾಪ್‌ಟಾಪ್ ತುಂಬಿಹೋಗಿದೆ, ಮೆಮೊರಿ ಕಾರ್ಡ್ ಹಾಕಿದರೆ ಸಾಕಾ?

ಪ್ರಶ್ನೆ – ಬಿ.ಕಾಂ. ವಿದ್ಯಾರ್ಥಿನಿ, ಚಿತ್ರದುರ್ಗ

ಸರ್, ನಮ್ಮೂರು ಹೊಳಲ್ಕೆರೆ ಹತ್ತಿರ. ಹೋದ ವರ್ಷ ಅಡಿಕೆ ದುಡ್ಡು ಬಂದಾಗ ಅಪ್ಪ ಒಂದು ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಕೊಡಿಸಿದರು. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ವಿಂಡೋಸ್ 11. ಈಗ ಸಿ ಡ್ರೈವ್ ಕೆಂಪಗಾಗಿದೆ, 2 ಜಿಬಿ ಉಳಿದಿದೆ. ಅಪ್‌ಡೇಟ್ ಹಾಕಿದರೆ ಜಾಗ ಸಾಲದು ಅಂತ ನಿಲ್ಲುತ್ತೆ. ಲೆಕ್ಕ ಬರೆಯೋ ಟ್ಯಾಲಿ ಪ್ರೋಗ್ರಾಂ ತೆರೆದರೆ ಚಹಾ ಕುಡಿದು ಬರುವಷ್ಟು ಹೊತ್ತು. ನಾನು ಇಟ್ಟಿರೋದು ನೋಟ್ಸು, ಒಂದಿಷ್ಟು ಫೋಟೋ ಅಷ್ಟೇ. ಅಂಗಡೀಲಿ ಕೇಳಿದರೆ 256 ಜಿಬಿ ಕಾರ್ಡ್ ಹಾಕಿ, ಎಲ್ಲ ಸರಿಹೋಗುತ್ತೆ ಅಂದರು. ಆನ್‌ಲೈನಲ್ಲಿ 1 ಟಿಬಿ ಕಾರ್ಡೇ 500 ರೂಪಾಯಿಗೆ ಇದೆ. ಯಾವುದು ತಗೊಳ್ಳಲಿ?

ಉತ್ತರ – ಲ್ಯಾಪ್‌ಟಾಪ್ ರಿಪೇರಿ, ದಾವಣಗೆರೆ

ತಂಗಿ, ಸದ್ಯಕ್ಕೆ ಯಾವುದನ್ನೂ ತಗೋಬೇಡಿ. ಮೊದಲು ನಿಮ್ಮ ಲ್ಯಾಪ್‌ಟಾಪ್ ಒಳಗೆ ಏನಿದೆ ಅಂತ ಗೊತ್ತಾಗಬೇಕು.

ಈ ಬೆಲೆಯ ಲ್ಯಾಪ್‌ಟಾಪಲ್ಲಿ 64 ಜಿಬಿ ಅಂದರೆ ಸಾಮಾನ್ಯವಾಗಿ ಇಎಂಎಂಸಿ. ಅದು ಬಿಚ್ಚಿ ಬದಲಾಯಿಸುವ ಡಿಸ್ಕ್ ಅಲ್ಲ, ಮದರ್‌ಬೋರ್ಡಿಗೇ ಬೆಸುಗೆ ಹಾಕಿರುವ ಒಂದು ಚಿಪ್. ಹಾಗಾಗಿ ಕಾರ್ಡ್ ಹಾಕಿದರೆ ಸಿ ಡ್ರೈವ್ ದೊಡ್ಡದಾಗಲ್ಲ, ಪಕ್ಕದಲ್ಲಿ ಇನ್ನೊಂದು ಡ್ರೈವ್ ಕಾಣುತ್ತೆ ಅಷ್ಟೇ. ವಿಂಡೋಸ್ ಮಾತ್ರ ಸಿ ಡ್ರೈವಲ್ಲೇ ಉಸಿರುಗಟ್ಟಿಕೊಂಡು ಕೂತಿರುತ್ತೆ.

ನೀವು ಜಾಸ್ತಿ ಏನೂ ತುಂಬಿಲ್ಲ ಅಂದಿದ್ದು ನಿಜಾನೇ. 64 ಅಂತ ಬರೆದದ್ದು ವಿಂಡೋಸಲ್ಲಿ 58–59 ಅಂತ ತೋರಿಸುತ್ತೆ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. ಅದರಲ್ಲಿ ವಿಂಡೋಸ್ ತನ್ನದೇ ಫೈಲುಗಳ ಜೊತೆಗೆ ಅಪ್‌ಡೇಟಿಗೆ ಅಂತ ಸುಮಾರು 7 ಜಿಬಿ ಮೀಸಲು ಇಟ್ಟುಕೊಳ್ಳುತ್ತೆ. ತೆರೆದಿರೋ ಕೆಲಸವನ್ನ ಉಳಿಸಿಟ್ಟು ಲ್ಯಾಪ್‌ಟಾಪ್ ಆಫ್ ಮಾಡೋಕೆ ಬೇಕಾದ ಹೈಬರ್ನೇಟ್ ಫೈಲ್ ಅಂತ ಒಂದಿದೆ, ಅದು ರ‍್ಯಾಮಿನ 40 ಪರ್ಸೆಂಟ್ ಹತ್ತಿರ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕು ಅಂತ ಮೈಕ್ರೋಸಾಫ್ಟೇ ಹೇಳಿದೆ, ಅಂದರೆ ನಿಮ್ಮದು ಹೊಸಿಲ ಮೇಲೇ ನಿಂತಿದೆ. ನಿಧಾನ ಆಗೋದಕ್ಕೂ ಇದು ಒಂದು ಕಾರಣ. ಇಂಥ ಚಿಪ್ ಬರೆಯೋಕೆ ಖಾಲಿ ಜಾಗ ಬೇಕು. ಅದು ಇಲ್ಲದಿದ್ದರೆ ಪ್ರತಿ ಸಲವೂ ಹಳೆಯದನ್ನ ಎತ್ತಿ ಪಕ್ಕಕ್ಕಿಟ್ಟು, ಅಳಿಸಿ, ಆಮೇಲೆ ಬರೆಯುತ್ತೆ. ಸಿ ಡ್ರೈವಲ್ಲಿ 10–12 ಜಿಬಿ ಆದರೂ ಖಾಲಿ ಇರಲಿ.

ಇವತ್ತೇ ಖರ್ಚಿಲ್ಲದೆ ಮಾಡಬಹುದಾದದ್ದು ಹೇಳ್ತೀನಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಲ್ಲಿ ಟೆಂಪರರಿ ಫೈಲ್ಸ್ ಅನ್ನೋದನ್ನ ಒತ್ತಿ, ಒಂದು ಪಟ್ಟಿ ತೆರೆಯುತ್ತೆ. ಹಳೆಯ ವಿಂಡೋಸ್ ಇನ್‌ಸ್ಟಲೇಶನ್ ಅಂತ ಕಂಡರೆ ಅದೊಂದೇ ಹತ್ತಾರು ಜಿಬಿ ಇರಬಹುದು, ಅಳಿಸಿ. ಆದರೆ ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಇರುತ್ತೆ. ಅದಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ವಾಟ್ಸಾಪಿಂದ ಇಳಿಸಿಕೊಂಡ ನೋಟ್ಸ್ ಎಲ್ಲ ಹೋಗುತ್ತೆ. ಹಾಗೆ ಕಳಕೊಂಡು ಅಳುತ್ತಾ ನಮ್ಮ ಅಂಗಡಿಗೆ ಬಂದ ಮಕ್ಕಳಿದ್ದಾರೆ.

ಹೈಬರ್ನೇಟ್ ಬೇಡ ಅಂದರೆ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆಫ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಒಂದೂವರೆ ಜಿಬಿ ಸಿಗುತ್ತೆ. ಆನ್ ಆಗೋದು ಸ್ವಲ್ಪ ನಿಧಾನ ಆಗಬಹುದು. ಸ್ಲೀಪಲ್ಲಿಟ್ಟು ಬ್ಯಾಟರಿ ಪೂರ್ತಿ ಖಾಲಿಯಾದರೆ ಸೇವ್ ಮಾಡದ ಕೆಲಸ ಹೋಗುತ್ತೆ, ಅದು ನೆನಪಿರಲಿ.

ನಿಂತಿರೋ ಅಪ್‌ಡೇಟಿಗೆ ಅಂತಲೇ ದುಡ್ಡು ಹಾಕಬೇಡಿ. ಜಾಗ ಸಾಲದು ಅಂದಾಗ ಹೊರಗಿನ ಡ್ರೈವ್ ಬಳಸುವ ಅವಕಾಶವನ್ನ ವಿಂಡೋಸೇ ಕೊಡುತ್ತೆ. 10 ಜಿಬಿಗಿಂತ ಜಾಸ್ತಿ ಖಾಲಿ ಇರೋ ಪೆನ್‌ಡ್ರೈವ್ ಗೆಳತಿಯಿಂದ ಇಸಕೊಂಡು ಹಾಕಿ, ಮುಗಿಯೋವರೆಗೆ ಕೀಳಬೇಡಿ.

ಇನ್ನು 500 ರೂಪಾಯಿಯ 1 ಟಿಬಿ ಕಾರ್ಡ್. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಒಳಗೆ 16ಓ 32ಓ ಜಿಬಿ ಇರುತ್ತೆ, 1 ಟಿಬಿ ಇದೆ ಅಂತ ಸುಳ್ಳು ಹೇಳೋ ಹಾಗೆ ಕಾರ್ಡನ್ನ ನಡೆಸೋ ಚಿಪ್ಪನ್ನ, ಅಂದರೆ ಕಂಟ್ರೋಲರನ್ನ ತಿದ್ದಿರುತ್ತಾರೆ. ಕಾಪಿ ಮಾಡುವಾಗ ಎಲ್ಲ ಚೆನ್ನಾಗೇ ಹೋಗುತ್ತೆ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ ಫೋಟೋಗೆ ಹೆಸರಿರುತ್ತೆ, ತೆಗೆದರೆ ತೆರೆಯಲ್ಲ. ಹೋದ ಸಲ ಒಬ್ಬರು ಮಗಳ ಮದುವೆ ಫೋಟೋ ಇಂಥದ್ದಕ್ಕೆ ಹಾಕಿ ಫೋನಿಂದ ಅಳಿಸಿಬಿಟ್ಟಿದ್ದರು. ಧಾರೆವರೆಗಿನ ಫೋಟೋ ಸಿಕ್ಕವು. ಆಮೇಲಿನದು ಅದರಲ್ಲಿ ಬರೆದೇ ಇರಲಿಲ್ಲ, ಬರೆಯದೇ ಇರೋದನ್ನ ಯಾರೂ ವಾಪಸ್ ತರೋಕಾಗಲ್ಲ. ಯಾವ ಕಾರ್ಡ್ ತಂದರೂ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಪ್ರೋಗ್ರಾಮಿಂದ ಒಂದು ಸಲ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತೆ, ಹಿಡಿಯಲಿ.

ಪ್ರಶ್ನೆ – ಅದೇ ವಿದ್ಯಾರ್ಥಿನಿ

ತುಂಬಾ ಥ್ಯಾಂಕ್ಸ್ ಸರ್. ಹಳೆಯ ವಿಂಡೋಸ್ ಅಳಿಸಿದೆ, 13 ಜಿಬಿ ಖಾಲಿಯಾಯಿತು, ಅಪ್‌ಡೇಟೂ ಆಯಿತು. ಒಳ್ಳೆ ಕಾರ್ಡೇ ತಗೊಂಡರೆ ಟ್ಯಾಲಿನ ಅದರಲ್ಲೇ ಹಾಕಬಹುದಾ?

ಉತ್ತರ – ದಾವಣಗೆರೆ

ಬೇಡ. ಕಾರ್ಡ್ ಅಂದರೆ ಮನೆಯ ಅಟ್ಟ ಇದ್ದ ಹಾಗೆ, ಮೂಟೆ ಇಡಬಹುದು, ಒಲೆ ಹಚ್ಚೋಕಾಗಲ್ಲ. ಟ್ಯಾಲಿ ಎಂಟ್ರಿ ಹೊಡೆಯುವಾಗ ಚಿಕ್ಕ ಚಿಕ್ಕದಾಗಿ ನೂರಾರು ಸಲ ಬರೆಯುತ್ತೆ, ಅಂಥ ಕೆಲಸದಲ್ಲಿ ಕಾರ್ಡ್ ತುಂಬಾ ಹಿಂದೆ. ಮಧ್ಯದಲ್ಲಿ ಬೆರಳು ತಾಗಿ ಕಾರ್ಡ್ ಹೊರಗೆ ಬಂದರೆ ಡೇಟಾ ಕೆಡುತ್ತೆ. ಟ್ಯಾಲಿ ಸಿ ಡ್ರೈವಲ್ಲೇ ಇರಲಿ, ಸಂಜೆ ಅದರ ಬ್ಯಾಕಪ್ ಮಾತ್ರ ಕಾರ್ಡಿಗೆ ಹಾಕಿ. ಫೋಟೋ, ವಿಡಿಯೋ, ಪಿಡಿಎಫ್ ಆರಾಮಾಗಿ ಕಾರ್ಡಲ್ಲಿಡಬಹುದು. ಸ್ಟೋರೇಜಲ್ಲೇ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ಹೊಸ ಫೈಲ್ ಎಲ್ಲಿ ಸೇವ್ ಆಗಬೇಕು ಅಂತ ಕೇಳುತ್ತೆ, ಅಲ್ಲಿ ಕಾರ್ಡ್ ಆರಿಸಿ.

ನಿಮಗೆ ನಿಜವಾಗಿ ಉಪಯೋಗ ಆಗೋದು ಎಸ್‌ಎಸ್‌ಡಿ, ಅಂದರೆ ಬಿಚ್ಚಿ ಬದಲಾಯಿಸಬಹುದಾದ ವೇಗದ ಡಿಸ್ಕ್, ಒಳಗೆ ಅದಕ್ಕೆ ಸ್ಲಾಟ್ ಇದ್ದರೆ. ಕೆಲವು ಮಾಡೆಲಲ್ಲಿ ಎಂ.2 ಅನ್ನೋ, ಪುಟ್ಟ ಪಟ್ಟಿಯಂಥ ಕಾರ್ಡ್ ಕೂರೋ ಖಾಲಿ ಸ್ಲಾಟ್ ಇರುತ್ತೆ, ಎಷ್ಟೋ ಜನರಿಗೆ ಗೊತ್ತೇ ಇರಲ್ಲ. ಹಿಂಭಾಗದ ಸ್ಟಿಕರಲ್ಲಿರೋ ಪೂರ್ತಿ ಮಾಡೆಲ್ ನಂಬರ್ ಹಾಕಿ ಕಂಪನಿಯ ಸರ್ವಿಸ್ ಮ್ಯಾನುಯಲ್ ನೋಡಿ, ಇಲ್ಲವಾದರೆ ಗೊತ್ತಿರೋರ ಹತ್ತಿರ ಬಿಚ್ಚಿಸಿ ಫೋಟೋ ಹಾಕಿ.

ಪ್ರಶ್ನೆ – ಇನ್ನೊಬ್ಬ ಸದಸ್ಯರು, ಹರಿಹರ

ಅಣ್ಣಾ, ನನ್ನದು ಇನ್ನೂ ಹಳೇದು, 32 ಜಿಬಿ, ವಿಂಡೋಸ್ 10. ನನಗೇನು ದಾರಿ?

ಉತ್ತರ – ದಾವಣಗೆರೆ

ಅದರಲ್ಲಿ ವಿಂಡೋಸ್ 11 ಹಿಡಿಸಲ್ಲ. ವಿಂಡೋಸ್ 10ರ ಮಾಮೂಲಿ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿ, 20 ಜಿಬಿಯಲ್ಲಿ ಕೂರುತ್ತೆ. ಕನ್ನಡ ಟೈಪಿಂಗಿಗೆ ಕಗಪ ಕೀಬೋರ್ಡ್ ಅದರಲ್ಲೇ ಇದೆ. ಟ್ಯಾಲಿ ಬೇಕು ಅನ್ನೋರಿಗೆ ಮಾತ್ರ ಇದನ್ನ ಹೇಳಲ್ಲ, ಅದಕ್ಕೆ ವಿಂಡೋಸೇ ಬೇಕು.

ಪ್ರಶ್ನೆ – ಬಿ.ಕಾಂ. ವಿದ್ಯಾರ್ಥಿನಿ

ಸರ್, ಪಕ್ಕದ ಮನೆ ಅಣ್ಣ ಬಿಚ್ಚಿದರು, ಫೋಟೋ ಹಾಕಿದ್ದೇನೆ. ಒಂದು ಚಿಕ್ಕ ಕಾರ್ಡಿಗೆ ಎರಡು ವೈರ್ ಸಿಕ್ಕಿಸಿದೆ. ಅದನ್ನ ತೆಗೆದು ಎಸ್‌ಎಸ್‌ಡಿ ಹಾಕೋದಾ?

ಉತ್ತರ – ದಾವಣಗೆರೆ

ಅದನ್ನ ಮುಟ್ಟಬೇಡಿ, ಅದು ವೈಫೈ ಕಾರ್ಡ್. ಅದೂ ಎಂ.2 ಸ್ಲಾಟೇ, ಆದರೆ ಎಸ್‌ಎಸ್‌ಡಿಗೆ ಆಗಲ್ಲ. ಫೋಟೋದಲ್ಲಿ ಬ್ಯಾಟರಿಯ ಎಡಕ್ಕೆ ನೋಡಿ, ಉದ್ದಕ್ಕೆ ಖಾಲಿ ಜಾಗ, ತುದಿಯಲ್ಲಿ ಸ್ಕ್ರೂ ಕೂರೋ ಹಿತ್ತಾಳೆಯ ಪುಟ್ಟ ಗುಂಡಿ ಇದೆ ಅಲ್ವಾ? ಅದೇ ಸ್ಲಾಟ್. ನಿಮ್ಮ ಅದೃಷ್ಟ ಚೆನ್ನಾಗಿದೆ, ನನಗಂತೂ ಬಹಳ ಖುಷಿಯಾಯಿತು.

ಇನ್ನು ಅವಸರ ಮಾಡಬೇಡಿ. ಎಂ.2 ಎಸ್‌ಎಸ್‌ಡಿಯಲ್ಲಿ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ. ನೋಡೋಕೆ ಒಂದೇ ಥರ, ಸಲ್ಲುವ ಸ್ಲಾಟ್ ಬೇರೆ. ಸಾಟಾ ಮಾತ್ರ ಓದೋ ಸ್ಲಾಟಿಗೆ ಎನ್‌ವಿಎಂಇ ಸರಿಯಾಗಿ ಕೂತರೂ ಲ್ಯಾಪ್‌ಟಾಪ್ ಅದನ್ನ ಗುರುತಿಸೋದೇ ಇಲ್ಲ. ಉದ್ದವೂ ನೋಡಬೇಕು. 2242 ಅಂದರೆ 22 ಮಿಲಿಮೀಟರ್ ಅಗಲ, 42 ಉದ್ದ. 2280 ಅಂದರೆ 80 ಉದ್ದ. ಸ್ಕೇಲ್ ಇಟ್ಟು ಸ್ಲಾಟಿಂದ ಆ ಗುಂಡಿಗೆ ಎಷ್ಟಿದೆ ಅಂತ ಅಳೆದು, ಮಾಡೆಲ್ ನಂಬರ್ ಜೊತೆ ಹಾಕಿ. ಯಾವ ಜಾತಿ ಅಂತ ಮ್ಯಾನುಯಲ್ ನೋಡಿ ನಾನೇ ಹೇಳ್ತೀನಿ. ನಿಮ್ಮ ಕೆಲಸಕ್ಕೆ 256 ಜಿಬಿ ಧಾರಾಳ ಆಯಿತು.

ಎಸ್‌ಎಸ್‌ಡಿ ಬಂದ ಮೇಲೆ ಲ್ಯಾಪ್‌ಟಾಪ್ ತಗೊಂಡು ನಮ್ಮ ಅಂಗಡಿಗೆ ಬನ್ನಿ, ವಿಂಡೋಸನ್ನ ಅದರಲ್ಲೇ ಹೊಸದಾಗಿ ಹಾಕೋಣ. ಲ್ಯಾಪ್‌ಟಾಪಿನ ಜೊತೆ ಬಂದ ಲೈಸೆನ್ಸ್ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತೆ, ಮತ್ತೆ ದುಡ್ಡು ಕೊಡಬೇಕಿಲ್ಲ. ಹಳೆಯ 64 ಜಿಬಿಯನ್ನ ಒಂದು ತಿಂಗಳು ಹಾಗೇ ಬಿಡೋಣ, ಏನಾದರೂ ಮರೆತಿದ್ದರೆ ಅಲ್ಲೇ ಸಿಗುತ್ತೆ. ಚಿತ್ರದುರ್ಗದಿಂದ ಬಸ್ ಹತ್ತೋ ಮುಂಚೆ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಬಿಟ್‌ಲಾಕರ್ ರಿಕವರಿ ಕೀ, ಅಂದರೆ ಡ್ರೈವಿಗೆ ವಿಂಡೋಸ್ ಹಾಕಿರೋ ಬೀಗದ ಕೀಲಿ, ಇದೆಯಾ ನೋಡಿ. 48 ಅಂಕಿ ಇರುತ್ತೆ, ನೋಟ್‌ಬುಕ್ಕಲ್ಲಿ ಬರಕೊಳ್ಳಿ. ಬಯಾಸಲ್ಲಿ, ಅಂದರೆ ವಿಂಡೋಸ್ ಶುರುವಾಗೋಕೆ ಮುಂಚಿನ ಸೆಟ್ಟಿಂಗಲ್ಲಿ, ಏನಾದರೂ ಬದಲಾಯಿಸಿದಾಗ ಅದನ್ನ ಕೇಳಬಹುದು, ಆಗ ಕೀ ಇಲ್ಲದಿದ್ದರೆ ನಿಮ್ಮ ನೋಟ್ಸ್ ನಿಮಗೇ ಸಿಗಲ್ಲ. ಚಾರ್ಜರ್ ಮರೆಯದೆ ತನ್ನಿ.