1:32ರಲ್ಲಿ ಮ್ಯಾಸಿ 1035: ಇರುವ 135ನ್ನು ಬದಲಿಸುವುದೋ, ಬುಡದಿಂದ ಕಟ್ಟುವುದೋ?

ಗದ್ದೆಬದು:

ಎಲ್ಲರಿಗೂ ನಮಸ್ಕಾರ. ನಮ್ಮ ಗಂಗಾವತಿ ಸೀಮೆಯಲ್ಲಿ ನಾಟಿಗೆ ಮುನ್ನ ಕೇಜ್ ವೀಲ್ (ಬಳೆಗಳಿಗೆ ಅಡ್ಡಪಟ್ಟಿ ಬೆಸೆದ, ಪಂಜರದಂಥ ಕಬ್ಬಿಣದ ಚಕ್ರ) ಕಟ್ಟಿಕೊಂಡು ಕೆಸರು ಗದ್ದೆಗೆ ಇಳಿಯುವ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರಿನ ಮಾದರಿಯೊಂದನ್ನು 1:32ರ ಪ್ರಮಾಣದಲ್ಲಿ, ಎಂದರೆ ನಿಜದ ಮೂವತ್ತೆರಡರಲ್ಲೊಂದು ಅಳತೆಯಲ್ಲಿ, ಮಾಡಬೇಕೆಂದಿದ್ದೇನೆ. ಬ್ರಿಟನ್ನಿನ ಮ್ಯಾಸಿ 135 ಟ್ರ್ಯಾಕ್ಟರಿನ ಡೈ-ಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ ಲೋಹದ) ಮಾದರಿಯೊಂದು ಕೈಯಲ್ಲಿದೆ. ಅದನ್ನೇ ಬಿಚ್ಚಿ, ಮಡ್‌ಗಾರ್ಡು ಮತ್ತು ಚಕ್ರಗಳನ್ನು ಬದಲಿಸಿದರೆ ಸಾಕಾಗುವುದೋ, ಅಥವಾ ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಹೊಸದಾಗಿ ಕಟ್ಟುವುದು ಲೇಸೋ ಎಂಬುದನ್ನು ಅನುಭವಿಗಳು ತಿಳಿಸಬೇಕು. ಕೇಜ್ ವೀಲನ್ನು ಯಾವುದರಿಂದ ಮಾಡಬೇಕೆಂಬುದಂತೂ ನನಗೆ ಸ್ವಲ್ಪವೂ ಹೊಳೆಯುತ್ತಿಲ್ಲ.

ಮೂವತ್ತೆರಡರಲ್ಲೊಂದು:

ಗದ್ದೆಬದು ಅವರೇ, ಕೈಯಲ್ಲಿರುವುದನ್ನು ಬಿಟ್ಟು ಬುಡದಿಂದ ಕಟ್ಟಲು ಹೋಗಬೇಡಿ. ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ 35 ಮತ್ತು 135ರ ವಂಶಕ್ಕೇ ನಮ್ಮ 1035 ಸೇರಿದ್ದು, 1960ರಲ್ಲಿ ಮದರಾಸಿನಲ್ಲಿ ಆರಂಭವಾದ ಟ್ರ್ಯಾಕ್ಟರ್ ಕಂಪನಿ ಟಾಫೆ ಆ ವಂಶವನ್ನು ಇಲ್ಲಿ ಮುಂದುವರಿಸಿತು. ಆದ್ದರಿಂದ ಎಂಜಿನ್, ಗೇರ್ ಪೆಟ್ಟಿಗೆ ಮತ್ತು ಹಿಂದಿನ ಆಕ್ಸೆಲ್‌ಗಳ ಒಟ್ಟು ಆಕಾರವನ್ನು ನೀವು ಹೊಸದಾಗಿ ಹುಟ್ಟಿಸಬೇಕಾಗಿಲ್ಲ.

ಆದರೆ ಬಿಚ್ಚುವ ಮೊದಲು ಊರಿನಲ್ಲಿ ನಿಂತಿರುವ ನಿಜವಾದ 1035ರ ಬಳಿಗೆ ಟೇಪು ಹಿಡಿದು ಹೋಗಿ. 135ರ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವಣ ಅಂತರ 72 ಅಂಗುಲ, ಎಂದರೆ 1829 ಮಿ.ಮೀ.; ಮಾದರಿಯಲ್ಲಿ ಅದು 57 ಮಿ.ಮೀ.ಗಿಂತ ತುಸು ಹೆಚ್ಚಾಗುತ್ತದೆ. ನಿಮ್ಮೂರಿನ ಟ್ರ್ಯಾಕ್ಟರಿನಲ್ಲಿ ಈ ಅಂತರ 32 ಮಿ.ಮೀ. ಕಡಿಮೆಯಿದ್ದರೆ ಮಾದರಿಯಲ್ಲಿ ಬರೀ 1 ಮಿ.ಮೀ. ವ್ಯತ್ಯಾಸ, ಅದನ್ನು ಮುಟ್ಟಲು ಹೋಗಬೇಡಿ. ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಮಾತ್ರ ಬರೆದುಕೊಂಡೇ ಬನ್ನಿ. 12.4-28 (ಅಂಗುಲದಲ್ಲಿ ಟೈರಿನ ಅಗಲ ಮತ್ತು ರಿಮ್ಮಿನ ವ್ಯಾಸ) ಎಂದಿದ್ದರೆ ಮಾದರಿಯ ಹಿಂದಿನ ಟೈರಿನ ಅಗಲ ಸುಮಾರು 9.8 ಮಿ.ಮೀ. ಮತ್ತು ರಿಮ್ಮಿನ ವ್ಯಾಸ 22.2 ಮಿ.ಮೀ. ಇರಬೇಕು, ಮುಂದಿನದು 6.00-16 ಆಗಿದ್ದರೆ ಅಗಲ 4.8, ರಿಮ್ಮು 12.7. ಟ್ರ್ಯಾಕ್ಟರಿನ ನಿಲುವೆಲ್ಲ ಚಕ್ರದಲ್ಲಿದೆ. ಚಕ್ರ ತಪ್ಪಿದ ಮಾದರಿಗೆ ಉಳಿದ ಸೂಕ್ಷ್ಮ ಕೆಲಸವನ್ನು ಎಷ್ಟು ಸೇರಿಸಿದರೂ ಅದು ಆಟಿಕೆಯಾಗಿಯೇ ಕಾಣುತ್ತದೆ. ಹಿಂದಿನ ಟೈರುಗಳನ್ನು ಎಡಬಲ ಅದಲುಬದಲಾಗಿ ಹಾಕಬೇಡಿ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದಾಗ ಟೈರಿನ ಹಲ್ಲುಗಳು ಕೂಡಿ ಆಗುವ V ಆಕಾರದ ಮೊನೆ ಮೇಲ್ಮುಖವಾಗಿರಬೇಕು. ಅಂಗಡಿಯಲ್ಲಿ ಮಾರುವ ಮಾದರಿಗಳಲ್ಲಿಯೂ ಇದು ತಿರುವುಮುರುವಾಗಿರುವುದುಂಟು.

ಇನ್ನು ಬಿಚ್ಚುವ ಕೆಲಸ. ತಳದ ರಿವೆಟ್ಟುಗಳ ತಲೆಯನ್ನಷ್ಟೇ ಡ್ರಿಲ್ಲಿನಿಂದ ತೆಗೆದು, ಉಳಿದ ಕಂಬಕ್ಕೆ ಸಣ್ಣ ತೂತು ಕೊರೆದು ಒಳಗೆ ಸ್ಕ್ರೂ ಹಿಡಿಯುವ ಮರೆ (ಥ್ರೆಡ್) ಕೊಯ್ದುಕೊಂಡರೆ, ಮತ್ತೆ ಜೋಡಿಸುವಾಗ 2 ಮಿ.ಮೀ. ಸ್ಕ್ರೂ ಹಾಕಬಹುದು. ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಬಳಸುವ ಸಲಹೆ ಹಲವೆಡೆ ಸಿಗುತ್ತದೆ, ಅದನ್ನು ಕೇಳಬೇಡಿ: ಡೈ-ಕಾಸ್ಟ್ ಮಾದರಿಗಳ ಲೋಹ ಸಾಮಾನ್ಯವಾಗಿ ಸತುವಿನ ಮಿಶ್ರಲೋಹ, ಕ್ಷಾರವು ಸತುವನ್ನೇ ತಿನ್ನುತ್ತದೆ. ಬಣ್ಣದಂಗಡಿಯ ಪೇಂಟ್ ರಿಮೂವರ್ ಸಾಕು, ಕೈಗವಸು ಹಾಕಿಕೊಂಡು ಬಯಲಿನಲ್ಲಿ ಕುಳಿತು ಮಾಡಿ.

ಡೈ-ಕಾಸ್ಟಿನ ಮಡ್‌ಗಾರ್ಡನ್ನು ಇಟ್ಟುಕೊಳ್ಳಬೇಡಿ. ಅದು 1 ಮಿ.ಮೀ. ದಪ್ಪವಿದ್ದರೂ ನಿಜದ ಲೆಕ್ಕದಲ್ಲಿ 32 ಮಿ.ಮೀ. ತಗಡಾಯಿತು! 0.5 ಮಿ.ಮೀ. ಸ್ಟೈರೀನನ್ನು ಬಾಗಿಸಿ ಹೊಸದು ಮಾಡಿ, ಅಂಚನ್ನು ಒಳಬದಿಯಿಂದ ಓರೆಯಾಗಿ ಅರದಿಂದ ಉಜ್ಜಿರಿ. ನೋಡುವವರಿಗೆ ಅಂಚು ಮಾತ್ರ ಕಾಣುವುದರಿಂದ ಇಡೀ ತಗಡೇ ತೆಳುವೆಂಬ ಭಾವನೆ ಬರುತ್ತದೆ. ಅಂತರಗಳನ್ನು ತುಂಬಲು ಎಂ-ಸೀಲ್ ಸಾಕು, ದುಬಾರಿ ಆಮದು ಪುಟ್ಟಿ ಬೇಕಿಲ್ಲ.

ಹಿತ್ತಾಳೆತಂತಿ:

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಕೇಜ್ ವೀಲಿನ ಬಗ್ಗೆ ಮಾತ್ರ ನಾಲ್ಕು ಮಾತು ಸೇರಿಸುತ್ತೇನೆ. ಅದನ್ನು ಸ್ಟೈರೀನಿನಲ್ಲಿ ಮಾಡಿದರೆ ಟ್ರ್ಯಾಕ್ಟರಿನ ತೂಕಕ್ಕೆ ನಿಧಾನವಾಗಿ ಬಾಗುತ್ತದೆ, ಆದ್ದರಿಂದ ಹಿತ್ತಾಳೆಯೇ ಸರಿ. ಬೇಕಾದ ವ್ಯಾಸಕ್ಕಿಂತ ತುಸು ಚಿಕ್ಕದಾದ ಕೊಳವೆಗೆ ತಂತಿಯನ್ನು ಸ್ಪ್ರಿಂಗಿನಂತೆ ಬಿಗಿಯಾಗಿ ಸುತ್ತಿ, ಉದ್ದಕ್ಕೆ ಒಂದೇ ಗೆರೆಯಲ್ಲಿ ಕತ್ತರಿಸಿದರೆ ಒಂದೇ ಅಳತೆಯ ಬಳೆಗಳು ಸಿಗುತ್ತವೆ. ಮರದ ಹಲಗೆಯ ಮೇಲೆ ವೃತ್ತ ಬರೆದು, ಪಟ್ಟಿಗಳು ಕೂರಬೇಕಾದ ಜಾಗಗಳನ್ನು ಸಮಾನ ಅಂತರದಲ್ಲಿ ಗುರುತಿಸಿ ಸಣ್ಣ ಮೊಳೆ ಹೊಡೆದುಕೊಳ್ಳಿ. ಆ ಮೊಳೆಗಳ ನಡುವೆ ಬಳೆಗಳನ್ನೂ ಅಡ್ಡಪಟ್ಟಿಗಳನ್ನೂ ಕೂರಿಸಿ ಬೆಸುಗೆ ಹಾಕಬೇಕು. ಒಂದು ಪಟ್ಟಿಗೆ ಬಿಸಿ ಕೊಟ್ಟಾಗ ಪಕ್ಕದ ಬೆಸುಗೆ ಕರಗಿ ಬೀಳದಿರಲು ಅದರ ಮೇಲೆ ಒದ್ದೆ ಹತ್ತಿಯನ್ನಿಡಿ, ಮತ್ತು ಒಂದಾದ ಮೇಲೊಂದರಂತೆ ಸುತ್ತಿ ಬರದೆ ಎದುರುಬದುರಾಗಿ ಬೆಸೆಯುತ್ತ ಹೋಗಿ, ಇಲ್ಲವಾದರೆ ಚಕ್ರ ಸೊಟ್ಟಗಾಗುತ್ತದೆ. ಪಟ್ಟಿಗಳ ಸಂಖ್ಯೆಯನ್ನು ನನ್ನಿಂದ ಕೇಳಬೇಡಿ. ಊರೂರಿನ ವೆಲ್ಡಿಂಗ್ ಅಂಗಡಿಯವರು ತಮ್ಮ ತಮ್ಮ ಲೆಕ್ಕದಲ್ಲಿ ಮಾಡುವ ವಸ್ತು ಅದು, ನಿಮ್ಮ ಕಡೆಯದನ್ನು ನೀವೇ ಎಣಿಸಬೇಕು. ಟೈರನ್ನು ತೆಗೆದು ಹಾಕುವ ಪೂರ್ಣ ಕೇಜೋ, ಟೈರಿನ ಹೊರಬದಿಗೆ ಸೇರಿಸುವ ಅರ್ಧ ಕೇಜೋ ಎಂಬುದನ್ನೂ ಈಗಲೇ ನಿರ್ಧರಿಸಿ, ಏಕೆಂದರೆ ಆಕ್ಸೆಲ್ ತುದಿಯ ಕೆಲಸ ಎರಡಕ್ಕೂ ಬೇರೆಯಾಗಿರುತ್ತದೆ.

ಕೆಂಪುಗ್ರೀಸ್:

ಇಷ್ಟೆಲ್ಲ ಬೆಸುಗೆಯ ಬದಲು ಕಂಪ್ಯೂಟರಿನಲ್ಲಿ ಬಿಡಿಸಿ ರೆಸಿನ್ ಮುದ್ರಣ (ದ್ರವ ರಾಳದಿಂದ ಮಾಡುವ 3ಡಿ ಪ್ರಿಂಟಿಂಗ್) ಮಾಡಿಸಬಾರದೇಕೆ? ಎರಡು ಚಕ್ರಗಳೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಬರುತ್ತವೆ.

ಹಿತ್ತಾಳೆತಂತಿ:

ಬರುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಅಷ್ಟು ತೆಳುವಾದ ರೆಸಿನ್ ಪಟ್ಟಿ ಬೆರಳು ತಾಗಿದರೆ ಮುರಿಯುತ್ತದೆ. ರಿಮ್ಮು, ಚಕ್ರದ ನಡುವಿನ ಹಬ್ಬು, ದೀಪದ ಕವಚಗಳಿಗೆ ಮುದ್ರಣವನ್ನು ನಾನೂ ಬಳಸುತ್ತೇನೆ. ಅಲ್ಲದೆ ನಿಜವಾದ ಕೇಜ್ ವೀಲು ಅಷ್ಟು ಕರಾರುವಾಕ್ಕಾಗಿ ಎಲ್ಲಿರುತ್ತದೆ? ಬದುವಿಗೆ ಬಡಿದು ಒಂದೆರಡು ಪಟ್ಟಿ ಬಾಗಿರುವುದೇ ಹೆಚ್ಚು.

ಗದ್ದೆಬದು:

ಎಲ್ಲರಿಗೂ ಧನ್ಯವಾದಗಳು. ಅರ್ಧ ಕೇಜನ್ನೇ ಮಾಡುತ್ತೇನೆ, ನಮ್ಮ ಕಡೆ ನಾನು ಹೆಚ್ಚಾಗಿ ಕಂಡಿರುವುದು ಅದೇ. ಇನ್ನೊಂದು ಸಂದೇಹವಿದೆ: ಕೆಸರಿಗೆ ನಮ್ಮ ಎರೆಮಣ್ಣನ್ನೇ ಬಳಸಬಹುದೇ?

ಮೂವತ್ತೆರಡರಲ್ಲೊಂದು:

ಬಳಸಬಹುದು, ಆದರೆ ಚೆನ್ನಾಗಿ ಒಣಗಿಸಿ ಅರೆದು ತೆಳುವಾದ ಬಟ್ಟೆಯಲ್ಲಿ ಸೋಸಿದ ಮೇಲೆ. ಕಾಲು ಮಿಲಿಮೀಟರಿನ ಒಂದು ಕಣ ಉಳಿದರೂ ಮಾದರಿಯ ಮೇಲೆ ಅದು 8 ಮಿ.ಮೀ. ಜಲ್ಲಿಯಾಗಿ ಕಾಣುತ್ತದೆ. ಹೊಳಪಿಲ್ಲದ ಅಕ್ರಿಲಿಕ್ ವಾರ್ನಿಶ್‌ನಲ್ಲಿ ಕಲಸಿ ಚಕ್ರ, ಆಕ್ಸೆಲ್ ಮತ್ತು ಮಡ್‌ಗಾರ್ಡಿನ ಒಳಮೈಗೆ ಮೆತ್ತಿ, ಹಸಿ ಕೆಸರು ಬೇಕಾದಲ್ಲಿ ಮಾತ್ರ ಮೇಲೊಂದು ಹೊಳಪಿನ ವಾರ್ನಿಶ್ ಎಳೆಯಿರಿ. ಬಾನೆಟ್ಟಿನ ಮೇಲೆ ಕೆಸರು ಬೇಡ. ಅಲ್ಲಿರಬೇಕಾದುದು ಬಿಸಿಲಿಗೆ ಮಾಸಿದ ಕೆಂಪು ಮತ್ತು ಧೂಳು. ಕಾಲಿಡುವ ಮೆಟ್ಟಿಲಿನಲ್ಲಿ ಬಣ್ಣ ಸವೆದು ಲೋಹ ಕಾಣುವಂತಿರಲಿ. ಇನ್ನು, ಟ್ರ್ಯಾಕ್ಟರನ್ನು ಡಾಂಬರು ರಸ್ತೆಯ ಮೇಲೆ ನಿಲ್ಲಿಸುವ ದೃಶ್ಯವೇನಾದರೂ ಮನಸ್ಸಿನಲ್ಲಿದ್ದರೆ ಕೇಜನ್ನು ಕಳಚಿ ಟ್ರೇಲರಿನಲ್ಲಿ ಹಾಕಿಬಿಡಿ. ಅದನ್ನು ಕಟ್ಟಿಕೊಂಡು ರಸ್ತೆಗಿಳಿದರೆ ಡಾಂಬರು ಕಿತ್ತುಹೋಗುತ್ತದೆಂಬ ತಕರಾರು ನಿಮಗೆ ಗೊತ್ತಿರುವುದೇ, ಮಾದರಿ ನೋಡಲು ಬಂದ ರೈತರು ಮೊದಲು ಕೇಳುವುದೂ ಅದನ್ನೇ.